ಕಂಡದ್ದನ್ನು ಬರೆಯುವುದು: ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೆ

ಶಾಲೆಯಲ್ಲಿ ಪ್ರಬಂಧ ಕಲಿಸುವಾಗ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ಭಾಗ ಹೇಳಿಕೊಡುತ್ತಾರೆ. ಪರೀಕ್ಷೆಯ ಅಂಕಕ್ಕೆ ಅದು ಸಾಕು. ಬಸ್ಸು, ಹಾಸ್ಟೆಲು, ಕುಡಿಯುವ ನೀರು, ಜಾತಿ, ಮನೆಯ ಸಾಲ ಇಂಥ ದಿನನಿತ್ಯದ ಸಂಗತಿಗಳ ಬಗ್ಗೆ ನಿಮ್ಮದೇ ಮಾತಿನಲ್ಲಿ ಬರೆಯಲು ಕೂತಾಗ ಮಾತ್ರ ಅದೇ ಅಚ್ಚು ಕೈಗೆ ಅಡ್ಡ ಬರುತ್ತದೆ. ಪೀಠಿಕೆಯಲ್ಲಿ ‘ಇಂದಿನ ಆಧುನಿಕ ಯುಗದಲ್ಲಿ’ ಬಂದು ಕೂರುತ್ತದೆ, ಉಪಸಂಹಾರದಲ್ಲಿ ‘ಸರ್ಕಾರ ಎಚ್ಚೆತ್ತುಕೊಳ್ಳಬೇಕಿದೆ’ ಬರುತ್ತದೆ, ನಡುವೆ ನೀವು ಕಣ್ಣಾರೆ ಕಂಡದ್ದು ಒಂದು ಸಾಲೂ ಇರುವುದಿಲ್ಲ. ಹಾಗಾಗಿ ಕೆಲಸವನ್ನು ತಿರುಗಿಸಿ ಮಾಡಬೇಕು. ಮೊದಲು ಕಂಡ ಒಂದು ಸಣ್ಣ ಸಂಗತಿ, ಆಮೇಲೆ ಅದರ ಲೆಕ್ಕ, ಆಮೇಲೆ ಅದರ ಹಿಂದಿರುವ ಕಾರಣ, ಕೊನೆಗೆ ನಿಮ್ಮ ಅಭಿಪ್ರಾಯ. ಅಭಿಪ್ರಾಯಕ್ಕೆ ಎರಡೇ ಸಾಲು ಉಳಿದರೂ ನಷ್ಟವಿಲ್ಲ.

ನೋಟ್‌ಬುಕ್

ಅಂಗಿ ಜೇಬಿಗೋ ವ್ಯಾನಿಟಿ ಬ್ಯಾಗಿನ ಹೊರ ಜಿಪ್ಪಿಗೋ ಹಿಡಿಸುವ ಪುಟ್ಟ ನೋಟ್‌ಬುಕ್ ಸಾಕು. ಲಾಂಗ್ ಬುಕ್ ಬೇಡ. ಬಸ್ಸಿನಲ್ಲಿ ನಿಂತುಕೊಂಡು ಅದನ್ನು ತೆರೆಯಲು ಆಗುವುದಿಲ್ಲ, ತೆರೆಯದ ಪುಸ್ತಕದಲ್ಲಿ ಏನೂ ಸೇರುವುದಿಲ್ಲ. ಜೆಲ್ ಪೆನ್ನಿನ ಶಾಯಿ ಮಳೆಗೂ ಬೆವರಿಗೂ ಹರಡುತ್ತದೆ, ಬಾಲ್‌ಪೆನ್ ಇಟ್ಟುಕೊಳ್ಳಿ. ಮೊಬೈಲಿನಲ್ಲೇ ಬರೆದುಕೊಳ್ಳುವುದಾದರೆ ಎಲ್ಲವನ್ನೂ ಒಂದೇ ಕಡೆ ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಅರ್ಧ, ನೋಟ್ಸ್‌ನಲ್ಲಿ ಅರ್ಧ ಆದರೆ ತಿಂಗಳ ಮೇಲೆ ಹುಡುಕಿದರೂ ಸಿಗುವುದಿಲ್ಲ.

ಎಡಗಡೆಯ ಪುಟದಲ್ಲಿ ಕಂಡದ್ದು, ಕೇಳಿದ್ದು ಮಾತ್ರ ಇರಲಿ. ಬಲಗಡೆಯದನ್ನು ಖಾಲಿ ಬಿಡಿ, ಆಮೇಲೆ ಹೊಳೆದದ್ದು ಅಲ್ಲಿಗೆ. ಇವೆರಡನ್ನು ಬೆರೆಸಿ ಬರೆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಯಾವುದು ನೋಡಿದ್ದು, ಯಾವುದು ಊಹಿಸಿದ್ದು ಎಂಬುದು ನಿಮಗೇ ಗೊತ್ತಾಗುವುದಿಲ್ಲ. ‘ಕಂಡಕ್ಟರ್ ಸಿಡುಕಿದರು’ ಎಂಬುದು ನಿಮ್ಮ ತೀರ್ಮಾನ. ‘ಚಿಲ್ಲರೆ ಇಲ್ದಿದ್ರೆ ಇಳೀರಿ ಅಂದರು, ಮುಖ ನೋಡಲಿಲ್ಲ’ ಎಂಬುದು ಕಂಡದ್ದು. ಎಡಪುಟಕ್ಕೆ ಎರಡನೆಯದು.

ಪ್ರತಿ ಟಿಪ್ಪಣಿಗೆ ನಾಲ್ಕು ಸಂಗತಿ ಬೇಕು: ದಿನಾಂಕ ಮತ್ತು ಹೊತ್ತು, ಜಾಗ, ಯಾರು, ಏನಾಯಿತು. ಕೇಳಿದ ಒಂದು ಮಾತನ್ನು ಇದ್ದಹಾಗೇ ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಐದಾರು ಸಾಲು ಸಾಕು. ಸ್ಥಳದಲ್ಲೇ ಬರೆಯಲು ಆಗದಿದ್ದರೆ ಅದೇ ರಾತ್ರಿ ಬರೆದುಬಿಡಿ. ಒಂದು ನಿದ್ದೆ ಕಳೆದ ಮೇಲೆ ಸಾರಾಂಶ ನೆನಪಿರುತ್ತದೆ, ಆಡಿದವರ ಮಾತಿನ ವರಸೆ ಹೋಗಿರುತ್ತದೆ.

ಬಸ್ ಟಿಕೆಟ್ ಎಸೆಯಬೇಡಿ. ಹತ್ತಿದ ನಿಲ್ದಾಣ, ಇಳಿಯುವ ನಿಲ್ದಾಣ, ದಿನಾಂಕ, ಹೊತ್ತು ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೆಟ್ಟೂ ಇಂಥದ್ದೇ ದಾಖಲೆ. ಟಿಕೆಟ್ಟಿನ ಕಾಗದ ಶಾಖಕ್ಕೆ ಕಪ್ಪಾಗುವ ಥರ್ಮಲ್ ಪೇಪರ್, ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಆ ದಿನವೇ ಫೋಟೊ ತೆಗೆದಿಟ್ಟು, ಮೂಲವನ್ನು ಪುಟಕ್ಕೆ ಅಂಟಿಸಿ. ಅಕ್ಷರದ ಮೇಲೆ ಗೋಂದು, ಸೆಲ್ಲೋಟೇಪು ತಾಗದಿರಲಿ, ತಾಗಿದರೆ ಬೇಗ ಅಳಿಸುತ್ತದೆ.

ವಿಷಯ ಆರಿಸುವುದು

ಭಾನುವಾರ ಅರ್ಧ ಗಂಟೆ ಕೂತು ವಾರದ ಟಿಪ್ಪಣಿ ಓದಿ. ಮೂರು ಸಲಕ್ಕಿಂತ ಹೆಚ್ಚು ಬಂದಿರುವ ಸಂಗತಿಗೆ ಗುರುತು ಹಾಕಿ. ಒಮ್ಮೆ ಕಂಡು ಸಿಟ್ಟು ಬಂದದ್ದಕ್ಕಿಂತ, ಮತ್ತೆ ಮತ್ತೆ ಕಂಡು ಅಭ್ಯಾಸವಾಗಿ ಹೋದದ್ದರಲ್ಲಿ ಬರೆಯುವುದಕ್ಕೆ ಹೆಚ್ಚು ಇರುತ್ತದೆ.

ವಿಷಯವನ್ನು ಒಂದು ಪ್ರಶ್ನೆಯ ಅಳತೆಗೆ ಇಳಿಸಿ. ‘ಗ್ರಾಮೀಣ ಸಾರಿಗೆ ಸಮಸ್ಯೆ’ ಎಂಬುದು ಯಾರ ಕೈಗೂ ಸಿಗದಷ್ಟು ದೊಡ್ಡದು. ‘ನಮ್ಮೂರ ನಿಲ್ದಾಣದಲ್ಲಿ ಬೆಳಿಗ್ಗೆ 7.45ರ ಬಸ್ಸು ವಾರದಲ್ಲಿ ಎಷ್ಟು ದಿನ ನಿಲ್ಲುತ್ತದೆ?’ ಎಂಬುದಕ್ಕೆ ಉತ್ತರ ಹುಡುಕಬಹುದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಗ್ಗೆ ಬರೆಯುವ ಆಸೆಯಿದ್ದರೂ ಹೀಗೆಯೇ. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಹತ್ತುವಂತಿಲ್ಲ, ಎಲ್ಲವೂ ಸರ್ವಿಸ್ ರಸ್ತೆಗೆ ಇಳಿದಿವೆ. ಹಾಗಾದರೆ ನಿಮ್ಮ ಊರಿನ ಮಕ್ಕಳು ಈಗ ರಸ್ತೆಯ ಆಚೆಬದಿಯ ಶಾಲೆಗೆ ಎಲ್ಲಿಂದ ದಾಟುತ್ತಾರೆ, ಎಷ್ಟು ದೂರ ಸುತ್ತಿ ಬರುತ್ತಾರೆ? ಅದನ್ನು ಅವರ ಜೊತೆ ನಡೆದು, ಹೆಜ್ಜೆ ಎಣಿಸಿ ನೋಡಿ.

ಎಣಿಸುವುದು, ಕೇಳುವುದು

ಬಸ್ಸಿನ ಉದಾಹರಣೆಯನ್ನೇ ಮುಂದುವರಿಸೋಣ. ಸೋಮವಾರದಿಂದ ಶನಿವಾರದವರೆಗೆ ಆರು ದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಲ್ಲಿ. ಪುಟಕ್ಕೆ ಐದು ಅಂಕಣ ಗೆರೆ ಎಳೆದುಕೊಳ್ಳಿ: ಬರಬೇಕಾದ ಹೊತ್ತು, ಬಂದ ಹೊತ್ತು, ನಿಂತಿದ್ದವರು, ಹತ್ತಿದವರು, ಉಳಿದವರು. ನಿಂತಿದ್ದವರನ್ನು ಬಸ್ಸು ಕಾಣಿಸುವ ಮೊದಲೇ ಎಣಿಸಿ ಮುಗಿಸಬೇಕು, ಬಂದಮೇಲೆ ಎಲ್ಲರೂ ಓಡುತ್ತಾರೆ, ಲೆಕ್ಕ ತಪ್ಪುತ್ತದೆ. ಹತ್ತಿದವರನ್ನು ಎಣಿಸುವುದಕ್ಕಿಂತ ಉಳಿದವರನ್ನು ಎಣಿಸಿ ಕಳೆಯುವುದು ಸುಲಭ.

ಇಲ್ಲಿ ಆಗುವ ತಪ್ಪುಗಳು ಎರಡು. ತುಂಬ ತೊಂದರೆಯಾದ ದಿನ ಮಾತ್ರ ಎಣಿಸುವುದು ಮೊದಲನೆಯದು. ಆಗ ಲೆಕ್ಕ ನಿಮ್ಮ ಸಿಟ್ಟಿನ ಲೆಕ್ಕವಾಗುತ್ತದೆ. ಎರಡನೆಯದು ವಿಶೇಷ ದಿನವನ್ನು ಸೇರಿಸಿಬಿಡುವುದು. ಸಂತೆಯ ದಿನ, ಹಬ್ಬದ ಹಿಂದಿನ ದಿನ, ಮೈಸೂರಿನಲ್ಲಾದರೆ ದಸರೆಯ ವಾರ, ಪರೀಕ್ಷೆಯ ದಿನ ಜನಸಂದಣಿಯೇ ಬೇರೆ. ಸೇರಿಸಬೇಕಾಗಿ ಬಂದರೆ ಪಕ್ಕದಲ್ಲಿ ‘ಸಂತೆ’ ಎಂದು ಬರೆದುಕೊಳ್ಳಿ. ಆರು ದಿನ ನೋಡಿದ್ದರೆ ‘ಆರು ದಿನ ನೋಡಿದೆ’ ಎಂದೇ ಬರೆಯಬೇಕು, ‘ಯಾವಾಗಲೂ’ ಎಂದು ಬರೆಯಬಾರದು.

ಆಮೇಲೆ ಮೂರು ಜನರನ್ನು ಮಾತನಾಡಿಸಿ: ತೊಂದರೆ ಪಡುವವರು, ಆ ಕೆಲಸ ಮಾಡುವವರು, ಆ ಬಗ್ಗೆ ನಿರ್ಧಾರ ಮಾಡುವವರು. ನಮ್ಮ ಉದಾಹರಣೆಯಲ್ಲಿ ನಿಲ್ದಾಣದಲ್ಲಿ ನಿಲ್ಲುವ ಅಕ್ಕ, ಕಂಡಕ್ಟರ್ ಅಥವಾ ಡ್ರೈವರ್, ಡಿಪೊ ಮ್ಯಾನೇಜರ್. ಬಹಳಷ್ಟು ವಿದ್ಯಾರ್ಥಿಗಳು ಮೊದಲನೆಯವರನ್ನು ಮಾತ್ರ ಕೇಳಿ ಬರೆಯುತ್ತಾರೆ. ಡ್ರೈವರನ್ನು ಕೇಳಿದರೆ ‘ಹಿಂದಿನ ಎರಡು ಊರಲ್ಲೇ ಫುಟ್‌ಬೋರ್ಡ್‌ವರೆಗೂ ತುಂಬಿರ್ತದೆ, ಇಲ್ಲಿ ನಿಲ್ಲಿಸಿ ಯಾರನ್ನ ಎಲ್ಲಿ ಹತ್ತಿಸ್ಲಿ?’ ಎನ್ನಬಹುದು. ಆಗ ಸಮಸ್ಯೆ ಒಬ್ಬ ಡ್ರೈವರ್‌ನ ಮೊಂಡುತನದಿಂದ ಟ್ರಿಪ್ ಸಂಖ್ಯೆಗೆ ಬಂದು ನಿಲ್ಲುತ್ತದೆ, ಬರಹದ ದಿಕ್ಕೇ ಬದಲಾಗುತ್ತದೆ. ಓಡುತ್ತಿರುವ ಬಸ್ಸಿನಲ್ಲಿ ಡ್ರೈವರನ್ನು ಮಾತಾಡಿಸಬೇಡಿ. ಬಸ್ಸು ಸ್ಟ್ಯಾಂಡಿನಲ್ಲಿ ನಿಂತು ಅವರು ಟೀ ಕುಡಿಯುವ ಹೊತ್ತು ಸರಿಯಾದದ್ದು.

ಮಾತಿಗೆ ಎಳೆಯುವಾಗ ವಯಸ್ಸು ನೋಡಿ ಅಣ್ಣ, ಅಕ್ಕ, ಅಮ್ಮ, ಯಜಮಾನ್ರೆ ಎನ್ನಿ. ಕಚೇರಿಯಲ್ಲಿ ಸರ್, ಮೇಡಂ. ಯಾವ ಕಾಲೇಜು, ಏತಕ್ಕೆ ಕೇಳುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಿಬಿಡಿ. ‘ಇಲ್ಲಿ ತುಂಬ ತೊಂದರೆ ಅಲ್ವಾ?’ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಪ್ರಯೋಜನವಿಲ್ಲ. ‘ನಿನ್ನೆ ಎಷ್ಟೊತ್ತಿಗೆ ಬಂದ್ರಿ? ಬಸ್ಸು ಸಿಗದೆ ಇದ್ದಾಗ ಏನ್ ಮಾಡಿದ್ರಿ? ಆಟೊಗೆ ಎಷ್ಟು ಕೊಟ್ರಿ?’ ಎಂದು ಕೇಳಿ. ರೆಕಾರ್ಡ್ ಮಾಡುವುದಾದರೆ ಕೇಳಿ ಒಪ್ಪಿಗೆ ಪಡೆದೇ ಮಾಡಿ. ಜೇಬಿನಲ್ಲಿ ಮೊಬೈಲ್ ಆನ್ ಮಾಡಿಟ್ಟುಕೊಂಡು ಕೂರುವುದು ನಂಬಿ ಮಾತಾಡುವವರಿಗೆ ಮಾಡುವ ಮೋಸ.

ಅಂಕಿ, ಅಳತೆ

ನಮ್ಮ ಭಾಗದ ಬರಹಗಳಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಅಳತೆಯಲ್ಲಿ. ಕಬ್ಬಿನ ವಿಷಯವನ್ನೇ ತೆಗೆದುಕೊಳ್ಳಿ. ಕೇಂದ್ರ ಸರ್ಕಾರ ಎಫ್‌ಆರ್‌ಪಿ (ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ಘೋಷಿಸುವುದು ಕ್ವಿಂಟಲ್ ಲೆಕ್ಕದಲ್ಲಿ, ರೈತರು ಮಾತಾಡುವುದು ಟನ್ ಲೆಕ್ಕದಲ್ಲಿ. 2025–26ರ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಂದರೆ ಟನ್ನಿಗೆ 3,550. ಅದೂ ಶೇ 10.25ರ ಸಕ್ಕರೆ ಇಳುವರಿಗೆ ಮಾತ್ರ, ಇಳುವರಿ ಕಡಿಮೆಯಾದರೆ ದರವೂ ಇಳಿಯುತ್ತದೆ. ಇದು ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ಬೆಲೆ. ಕಟಾವು, ಸಾಗಣೆಯನ್ನು ಕಾರ್ಖಾನೆಯೇ ಮಾಡಿಸಿದ್ದರೆ ಅದರ ಖರ್ಚು ಮುರಿದುಕೊಂಡು ರೈತರ ಕೈಗೆ ಹಣ ಬರುತ್ತದೆ. ಇಷ್ಟು ತಿಳಿಯದೆ ‘ಘೋಷಿಸಿದ ಬೆಲೆ ಕೊಡಲಿಲ್ಲ’ ಎಂದು ಬರೆದರೆ ನಿಜವಾದ ಬಾಕಿ ಎಷ್ಟೆಂಬುದೇ ಮರೆಯಾಗುತ್ತದೆ.

ಕೆಆರ್‌ಎಸ್ ಬಗ್ಗೆ ಬರೆಯುವಾಗ ಅಡಿ ಮತ್ತು ಟಿಎಂಸಿ ಬೆರೆಸಬೇಡಿ. ಅಡಿ ನೀರಿನ ಮಟ್ಟದ ಅಳತೆ, ಟಿಎಂಸಿ ನೀರಿನ ಪ್ರಮಾಣದ ಅಳತೆ. ಗರಿಷ್ಠ ಮಟ್ಟ 124.80 ಅಡಿ, ಪೂರ್ಣ ಸಂಗ್ರಹ 49.45 ಟಿಎಂಸಿ. ಅಣೆಕಟ್ಟೆಯ ಹಿನ್ನೀರಿನ ಜಾಗ ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಹತ್ತು ಅಡಿಯಲ್ಲಿ ಹಿಡಿಯುವ ನೀರು ಕೆಳಗಿನ ಹತ್ತು ಅಡಿಯಲ್ಲಿ ಹಿಡಿಯುವುದಿಲ್ಲ. ‘ಅರ್ಧ ಮಟ್ಟಕ್ಕೆ ಇಳಿದಿದೆ, ಅಂದರೆ ಅರ್ಧ ನೀರಿದೆ’ ಎಂಬ ವಾಕ್ಯ ಅದಕ್ಕೇ ಸುಳ್ಳಾಗುತ್ತದೆ. ಜಮೀನಿನ ಲೆಕ್ಕಕ್ಕೆ 40 ಗುಂಟೆಗೆ ಒಂದು ಎಕರೆ, ಸುಮಾರು ಎರಡೂವರೆ ಎಕರೆಗೆ ಒಂದು ಹೆಕ್ಟೇರ್. ಸರ್ಕಾರಿ ವರದಿಗಳು ಹೆಕ್ಟೇರಿನಲ್ಲಿರುತ್ತವೆ, ಓದುಗರಿಗೆ ಎಕರೆಯಲ್ಲಿ ಹೇಳಿ.

ಜನಗಣತಿಯ ಅಂಕಿ ಬಳಸಿದರೆ ವರ್ಷ ಹಾಕಲೇಬೇಕು. 2021ರ ಗಣತಿ ಆ ವರ್ಷ ನಡೆಯದೆ ಮುಂದಕ್ಕೆ ಹೋದದ್ದರಿಂದ ಎಲ್ಲರೂ ಇಷ್ಟು ಕಾಲ 2011ರದ್ದನ್ನೇ ಬಳಸಿಕೊಂಡು ಬಂದಿದ್ದಾರೆ. ಅಂಕಿಪಟ್ಟಿಯ ಸಾಲನ್ನೂ ಸರಿಯಾಗಿ ಆರಿಸಬೇಕು. 2011ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರಿದ್ದರು. ಇದನ್ನು ನೋಡಿ ‘ಇಲ್ಲಿ ಹೆಣ್ಣುಭ್ರೂಣ ಹತ್ಯೆಯ ಸಮಸ್ಯೆಯಿಲ್ಲ’ ಎಂದುಕೊಂಡರೆ ತಪ್ಪಾಗುತ್ತದೆ. 995 ಎಂಬುದು ಎಲ್ಲ ವಯಸ್ಸಿನವರ ಲೆಕ್ಕ. ಹುಟ್ಟುವ ಮೊದಲೇ ಏನಾಗುತ್ತಿದೆ ಎಂದು ತಿಳಿಯಲು 0–6 ವಯಸ್ಸಿನ ಮಕ್ಕಳ ಅನುಪಾತದ ಸಾಲು ನೋಡಬೇಕು, ಅದು ಬೇರೆಯೇ ಇರುತ್ತದೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆಗೆ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಬಯಲಾದಾಗ ನಾಡೇ ಬೆಚ್ಚಿತು. ಅಂಥ ಸುದ್ದಿಯ ಮೇಲೆ ಬರೆಯುವವರು ಈ ಸಾಲನ್ನು ಓದದೆ ಪೆನ್ನು ಎತ್ತಬಾರದು. ತಾಲ್ಲೂಕುವಾರು ಅಂಕಿಗಳು ಜಿಲ್ಲೆಯ ‘ಅಂಕಿಅಂಶಗಳ ನೋಟ’ ಪುಸ್ತಕದಲ್ಲಿ ಸಿಗುತ್ತವೆ, ಕಾಲೇಜಿನ ಅಥವಾ ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲಿ ಕೇಳಿ.

ಕಚೇರಿಯಿಂದ ಮಾಹಿತಿ

ಬಾಯಿಮಾತಿನಲ್ಲಿ ಸಿಗದ ಮಾಹಿತಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಕೊಂಡು ಲಗತ್ತಿಸಿದರೆ ಆಯಿತು. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಶುಲ್ಕವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು ಎಂಬುದು ರಾಜ್ಯದ ನಿಯಮ. ‘ಏಕೆ ಬಸ್ಸು ನಿಲ್ಲಿಸುತ್ತಿಲ್ಲ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾಯ್ದೆಯಡಿ ಸಿಗುವುದು ದಾಖಲೆ, ವಿವರಣೆಯಲ್ಲ. ‘ಇಂಥ ಮಾರ್ಗದಲ್ಲಿ ಜೂನ್ 1ರಿಂದ 30ರವರೆಗೆ ನಿಗದಿಯಾಗಿದ್ದ ಟ್ರಿಪ್‌ಗಳು, ಓಡಿದ ಟ್ರಿಪ್‌ಗಳು, ರದ್ದಾದ ಟ್ರಿಪ್‌ಗಳ ವಿವರವಿರುವ ದಾಖಲೆಯ ಪ್ರತಿ ಕೊಡಿ’ ಎಂದು ಕೇಳಿ. ವಿಳಾಸ: ಸಾರ್ವಜನಿಕ ಮಾಹಿತಿ ಅಧಿಕಾರಿ, ವಿಭಾಗೀಯ ನಿಯಂತ್ರಣಾಧಿಕಾರಿಗಳ ಕಚೇರಿ, ಕೆಎಸ್‌ಆರ್‌ಟಿಸಿ, ಆಯಾ ವಿಭಾಗ. ಪಂಚಾಯಿತಿಯ ವಿಷಯವಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ, ಅಂಚೆಯಲ್ಲಾದರೆ ಸ್ವೀಕೃತಿಗೆ ದಾಖಲೆ ಸಿಗುವಂತೆ ಕಳಿಸಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಪರೀಕ್ಷೆಗೆ ಮೊದಲು ಬರಹ ಮುಗಿಯಬೇಕೆಂದಿದ್ದರೆ ಈ ಎರಡು ತಿಂಗಳನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಶುರುಮಾಡಿ.

ಬರೆಯಲು ಕೂತಾಗ

ಎರಡು ಮಾದರಿ ನೋಡಿ. ಎರಡನ್ನೂ ಈ ಬರಹಕ್ಕಾಗಿ ಕಟ್ಟಿದ್ದು.

‘ಸಾರಿಗೆ ಎಂಬುದು ಸಮಾಜದ ಜೀವನಾಡಿ ಎಂದರೆ ತಪ್ಪಾಗಲಾರದು. ಆದರೆ ಇಂದು ಗ್ರಾಮೀಣ ವಿದ್ಯಾರ್ಥಿಗಳು ಬಸ್ಸಿನ ಕೊರತೆಯಿಂದ ಪಡಬಾರದ ಪಾಡು ಪಡುತ್ತಿರುವುದು ಶೋಚನೀಯ.’

‘7.45ರ ಬಸ್ಸು 8.10ಕ್ಕೆ ಬಂತು. ನಿಲ್ದಾಣದಲ್ಲಿ ಹತ್ತೊಂಬತ್ತು ಜನರಿದ್ದೆವು, ಹದಿಮೂರು ಮಂದಿ ಕಾಲೇಜಿನವರು. ಬಸ್ಸು ನಿಧಾನ ಮಾಡಿ, ಬಾಗಿಲಲ್ಲಿ ನೇತಾಡುತ್ತಿದ್ದವರನ್ನು ತೋರಿಸುವ ಹಾಗೆ ನಮ್ಮ ಮುಂದೆ ಸಾಗಿ ಹೋಯಿತು. ಹೂವಿನ ಪುಟ್ಟಿ ಇಳಿಸಿಕೊಂಡು ಕೂತಿದ್ದ ಅಮ್ಮ, “ದಿನಾ ಇದೇಯ ಕನವ್ವ, ಕೈ ಅಡ್ಡ ಹಾಕುದ್ರೂ ನಿಲ್ಸಕ್ಕಿಲ್ಲ” ಅಂದರು. ಆಮೇಲೆ ಪುಟ್ಟಿಗೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ಎತ್ತಿ, ಹೂವಿಗೆ ಇನ್ನೊಂದಿಷ್ಟು ನೀರು ಚಿಮುಕಿಸಿದರು.’

ಎರಡನೆಯದರಲ್ಲಿ ಬರೆದವರ ಕಡೆಯಿಂದ ದೂರಿನ ಒಂದು ಪದವೂ ಇಲ್ಲ. ನೀರು ಚಿಮುಕಿಸಿದ್ದು ಸಾಕು: ಮಾರ್ಕೆಟ್ಟಿಗೆ ತಡವಾದರೆ ಹೂವು ಬಾಡುತ್ತದೆ, ಬಾಡಿದ ಹೂವಿಗೆ ಬೆಲೆಯಿಲ್ಲ ಎಂಬುದು ಓದುವವರಿಗೆ ತಾನಾಗಿ ತಿಳಿಯುತ್ತದೆ. ಇಂಥ ಒಂದು ವಿವರಕ್ಕಾಗಿ ಎಡಪುಟವನ್ನು ಹತ್ತು ಸಲ ಓದಬೇಕು. ಒಂದು ಬರಹಕ್ಕೆ ಒಂದೋ ಎರಡೋ ಸಾಕು. ಕಂಡದ್ದನ್ನೆಲ್ಲ ತುರುಕಿದರೆ ಯಾವುದೂ ಕಣ್ಣಿಗೆ ನಿಲ್ಲುವುದಿಲ್ಲ.

ಆಡುಮಾತನ್ನು ಉದ್ಧರಣೆಯೊಳಗೆ ಇದ್ದಹಾಗೇ ಇಡಿ. ‘ನಿಲ್ಸಕ್ಕಿಲ್ಲ’ವನ್ನು ‘ನಿಲ್ಲಿಸುವುದಿಲ್ಲ’ ಎಂದು ತಿದ್ದಿದರೆ ಮಾತಾಡಿದವರು ಮಂಡ್ಯದವರಾಗಿ ಉಳಿಯುವುದಿಲ್ಲ. ಹಾಗೆಂದು ಹಳ್ಳಿಯವರ ಮಾತನ್ನು ಮಾತ್ರ ‘ಐತೆ, ಬತ್ತದೆ’ ಎಂದು ಬರೆದು, ಅಧಿಕಾರಿಯ ಮಾತನ್ನು ಗ್ರಂಥದ ಕನ್ನಡಕ್ಕೆ ತಿರುಗಿಸುವುದು ಅನ್ಯಾಯ. ಅವರೂ ‘ನೋಡ್ತೀವಿ, ಮಾಡುಸ್ತೀವಿ’ ಎಂದೇ ಅಂದಿರುತ್ತಾರೆ. ಇಬ್ಬರಿಗೂ ಒಂದೇ ನಿಯಮ ಇರಲಿ. ನಿಮ್ಮ ಸ್ವಂತ ವಾಕ್ಯಗಳಲ್ಲಿ ಮಾತ್ರ ಅ–ಹ, ಸ–ಶ–ಷ ಅನುಮಾನ ಬಂದಾಗಲೆಲ್ಲ ನಿಘಂಟು ನೋಡಿ.

‘ನಾನು’ ಎಂದು ಬರೆಯಲು ಹೆದರಬೇಡಿ. ‘ನಾವೆಲ್ಲರೂ ಯೋಚಿಸಬೇಕಿದೆ’ ಎಂಬಲ್ಲಿ ಯೋಚಿಸುವವರು ಯಾರೂ ಇರುವುದಿಲ್ಲ. ‘ಸೀಟು ಸಿಕ್ಕ ದಿನ ನಾನೂ ಕಿಟಕಿಯಾಚೆ ನೋಡುತ್ತ ಕೂತಿದ್ದೆ’ ಎಂದು ಬರೆದರೆ ನಿಮ್ಮ ಪಾಲೂ ಲೆಕ್ಕಕ್ಕೆ ಸೇರುತ್ತದೆ, ಓದುವವರು ನಿಮ್ಮ ಉಳಿದ ಮಾತನ್ನೂ ನಂಬುತ್ತಾರೆ.

ಹೆಸರು, ಮನೆ, ಜಾತಿ

ಕೂಲಿಯವರು, ಹಾಸ್ಟೆಲಿನ ಗೆಳತಿಯರು, ಅಂಗಡಿಯವರು ನಿಮ್ಮನ್ನು ನಂಬಿ ಮಾತಾಡಿರುತ್ತಾರೆ. ಬರಹ ಹೊರಬಂದ ಮೇಲೆ ಊರಿನಲ್ಲಿ ಬದುಕಬೇಕಾದವರು ಅವರು. ಹೆಸರು ಬದಲಿಸಿದರೆ ಸಾಲದು. ‘ನಮ್ಮೂರ ಅಂಗನವಾಡಿ ಪಕ್ಕದ ಮನೆಯ ವಿಧವೆ’ ಎಂದರೆ ಊರವರಿಗೆ ಹೆಸರೇ ಬೇಕಾಗಿಲ್ಲ. ಗುರುತಿಸಬಹುದಾದ ಮೂರು ವಿವರಗಳಲ್ಲಿ ಎರಡನ್ನು ತೆಗೆಯಿರಿ, ‘ಹೆಸರು ಬದಲಿಸಿದೆ’ ಎಂದು ಬರಹದಲ್ಲೇ ತಿಳಿಸಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಮು ಇನ್ನೂ ಬಿಗಿ: ಮನೆ, ಶಾಲೆ, ನೆರೆಹೊರೆ ಯಾವುದೂ ಗೊತ್ತಾಗಬಾರದು. ವಿದ್ಯಾರ್ಥಿ ಬರೆದದ್ದು ಎಂಬ ವಿನಾಯಿತಿ ಇಲ್ಲ.

ಮನೆಯ ಸಾಲ, ಅಪ್ಪನ ಕುಡಿತ, ಅಕ್ಕನ ಮದುವೆ ಮುರಿದದ್ದು ಇವು ನಿಮ್ಮ ಬದುಕಿನ ನಿಜವೇ. ಆದರೂ ಅವು ಅವರ ಬದುಕು ಕೂಡ. ಬರೆದದ್ದನ್ನು ಮೊದಲು ಅವರಿಗೆ ಓದಿ ಹೇಳಿ. ಬೇಡ ಎಂದರೆ ನೋಟ್‌ಬುಕ್ಕಿನಲ್ಲೇ ಇರಲಿ.

ಜಾತಿಯ ಬಗ್ಗೆ ಬರೆಯುವಾಗ ಮಾತನ್ನು ಮಸುಕು ಮಾಡಬೇಡಿ. ‘ಕೆಲವರಿಗೆ ಬೇರೆ ಲೋಟ’ ಎಂದು ಬರೆದರೆ ಯಾರಿಗೆ, ಯಾರು ಕೊಟ್ಟದ್ದು, ಲೋಟ ಎಲ್ಲಿಟ್ಟಿದ್ದರು, ತೊಳೆದವರು ಯಾರು ಎಂಬುದೆಲ್ಲ ಮುಚ್ಚಿಹೋಗುತ್ತದೆ. ಲೋಟದ ಬಗೆಯನ್ನೂ ಅದನ್ನಿಟ್ಟ ಜಾಗವನ್ನೂ ಬರೆಯಿರಿ. ಒಬ್ಬರ ಹೆಸರು ನೋಡಿ ಜಾತಿ ಊಹಿಸಬೇಡಿ. ಕೇರಿಗೆ ಹಳಬರು ಕರೆಯುವ ಹೀನಾಯದ ಹೆಸರು ಬೇಡ, ಅಲ್ಲಿರುವವರು ತಮ್ಮನ್ನೂ ತಮ್ಮ ಬೀದಿಯನ್ನೂ ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ಬಳಸಿ.

ತಿದ್ದಿ ಕಳಿಸುವುದು

ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿ. ಉಸಿರು ಕಟ್ಟುವ ವಾಕ್ಯವನ್ನು ಎರಡು ಮಾಡಿ. ‘ವಿಪರ್ಯಾಸವೇ ಸರಿ’, ‘ಹೇಳತೀರದು’, ‘ಕಣ್ಣೀರಿನ ಕಥೆ’ ಸಿಕ್ಕಿದಲ್ಲೆಲ್ಲ ಗೀಟು ಹಾಕಿ. ‘ಸಂಬಂಧಪಟ್ಟವರು ಗಮನ ಹರಿಸಲಿ’ ಎಂಬಲ್ಲಿ ಸಂಬಂಧಪಟ್ಟ ಕಚೇರಿಯ ಹೆಸರು ಹಾಕಿ. ಮೊದಲ ಪ್ಯಾರಾ ಮುಚ್ಚಿಕೊಂಡು ಓದಿ ನೋಡಿ, ಬಹಳ ಸಲ ಬರಹ ನಿಜವಾಗಿ ಎರಡನೆಯದರಿಂದ ಶುರುವಾಗಿರುತ್ತದೆ.

ಯುನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಬರೆದದ್ದನ್ನು ಮೇಲ್‌ಗೆ ಅಂಟಿಸಿದರೆ ಅತ್ತ ಕಡೆ ಅರ್ಥವಾಗದ ಗೆರೆಗಳು ಕಾಣುತ್ತವೆ. ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ‘ಬಸ್‌ನಲ್ಲಿ’ ಎಂಬುದು ‘ಬಸ್ನಲ್ಲಿ’ ಎಂದು ಅಂಟಿಕೊಂಡಿದೆಯೇ ಎಂದೂ ನೋಡಿ.

ಪತ್ರಿಕೆಯ ಓದುಗರ ಪತ್ರಗಳ ಅಂಕಣಕ್ಕೆ 150 ಪದದೊಳಗೆ ಒಂದೇ ಸಂಗತಿ, ಕೊನೆಯಲ್ಲಿ ಪೂರ್ಣ ಹೆಸರು, ಊರು, ಸಂಪಾದಕರಿಗೆ ಮಾತ್ರ ಮೊಬೈಲ್ ಸಂಖ್ಯೆ. ಮೈಸೂರಿನ ‘ಆಂದೋಲನ’, ‘ಮೈಸೂರು ಮಿತ್ರ’ದಂಥ ಸ್ಥಳೀಯ ಪತ್ರಿಕೆಗಳಿಗೆ ನಿಲ್ದಾಣದ ಹೆಸರು, ಬಸ್ಸಿನ ಹೊತ್ತು ಇದ್ದಷ್ಟೂ ಒಳ್ಳೆಯದು. ಒಂದೇ ಪತ್ರವನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ.

ಹಾಸ್ಟೆಲಿನಲ್ಲೋ ಕಾಲೇಜಿನಲ್ಲೋ ಗೋಡೆ ಪತ್ರಿಕೆ ಇನ್ನೂ ಒಳ್ಳೆಯ ಜಾಗ. ಒಂದು ಡ್ರಾಯಿಂಗ್ ಶೀಟಿಗೆ ಎರಡು ಅಂಕಣ, ಒಟ್ಟು 250ರಿಂದ 300 ಪದ. ಅಕ್ಷರ ಒಂದು ಸೆಂಟಿಮೀಟರ್ ಎತ್ತರ ಇದ್ದರೆ ಮೂರಡಿ ದೂರದಿಂದ ಓದಬಹುದು. ಮೊದಲು ಪೆನ್ಸಿಲಿನಲ್ಲಿ ಗೆರೆ ಎಳೆದು, ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬರೆಯಿರಿ, ಹಳದಿ ಮತ್ತು ಕೇಸರಿ ಬಣ್ಣ ದೂರಕ್ಕೆ ಕಾಣುವುದಿಲ್ಲ. ಜನ ನಿಲ್ಲುವ ಕಡೆ, ಊಟದ ಹಾಲಿನ ಬಾಗಿಲ ಪಕ್ಕ ಅಂಟಿಸಿ. ಕೆಳಗೆ ಒಂದು ಖಾಲಿ ಹಾಳೆಗೆ ದಾರದಲ್ಲಿ ಪೆನ್ನು ಕಟ್ಟಿ ಬಿಡಿ, ಉತ್ತರ ಬರೆಯುವವರು ಬರೆಯುತ್ತಾರೆ. ಯಾರಾದರೂ ನಿಮ್ಮ ಲೆಕ್ಕ ತಪ್ಪು ಎಂದು ಬರೆದರೆ ಮರುದಿನ ಅವರನ್ನು ಕರೆದುಕೊಂಡು ನಿಲ್ದಾಣಕ್ಕೆ ಹೋಗಿ, ಒಟ್ಟಿಗೆ ಎಣಿಸಿ.

ಪ್ರಕಟವಾದ ಪ್ರತಿಯನ್ನು ದಿನಾಂಕ ಹಾಕಿ ನೋಟ್‌ಬುಕ್ಕಿಗೆ ಅಂಟಿಸಿ. ಎರಡು ತಿಂಗಳ ನಂತರ ಮತ್ತೆ ಆರು ದಿನ, ಅದೇ ಹೊತ್ತಿಗೆ ಅದೇ ನಿಲ್ದಾಣದಲ್ಲಿ ನಿಂತು, ಹೊಸ ಅಂಕಿಗಳನ್ನು ಹಳೆಯವುಗಳ ಕೆಳಗೆ ಬರೆಯಿರಿ.